ನಮ್ಮವರನ್ನೇ ಪ್ರಾಡಕ್ಟ್ ಹೆಡ್ ಮಾಡೋಣ್ವಾ, ಹೊರಗಿಂದ ತರೋಣ್ವಾ?

ಈ ಸಲ ಬಂದಿರೋ ಪತ್ರಗಳಲ್ಲಿ ನಾಲ್ಕು ಹೆಚ್ಚುಕಮ್ಮಿ ಒಂದೇ ವಿಷಯದ ಸುತ್ತ ಇದ್ವು, ಹಾಗಾಗಿ ಬೇರೆಯವನ್ನ ಮುಂದಿನ ಸಂಚಿಕೆಗೆ ತಳ್ಳಿ ಇವನ್ನೇ ಒಟ್ಟಿಗೆ ತಗೊಂಡಿದೀನಿ.

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಧಾರವಾಡ ಕಡೆಯ ಒಂದು ಸಣ್ಣ ಟ್ರಸ್ಟು, ನಲವತ್ತರ ಹತ್ತಿರ ಜನ ಇದೀವಿ. ಸರ್ಕಾರಿ ಶಾಲೆಗಳ ನಾಲ್ಕು-ಐದನೇ ಕ್ಲಾಸಿನ ಮಕ್ಕಳಿಗೆ ಓದೋಕೆ ಎಷ್ಟು ಬರುತ್ತೆ ಅಂತ ಟೀಚರೇ ನೋಡಿ ಗುರುತು ಹಾಕೋಕೆ ಒಂದು ಆಪ್ ಮಾಡಿದೀವಿ, ಜೊತೆಗೆ ಓದೋ ಕಾರ್ಡುಗಳ ಒಂದು ಪೆಟ್ಟಿಗೆ ಕೊಡ್ತೀವಿ. ಆಪ್‌ನಲ್ಲಿ ಏನಿರ್ಬೇಕು ಏನಿರ್ಬಾರ್ದು ಅನ್ನೋದನ್ನ ಇಷ್ಟು ವರ್ಷ ನಾನು, ಡೆವಲಪರ್, ಫಂಡ್ ಕೊಡೋರು ಯಾರಿಗೆ ತೋಚಿದಂಗೆ ಅವರು ಹೇಳ್ಕೊಂಡು ಬಂದ್ವಿ. ಈಗ ಅದಕ್ಕೆ ಅಂತಲೇ ಪ್ರಾಡಕ್ಟ್ ಹೆಡ್ ಆಗಿ ಒಬ್ರನ್ನ ಕೂರಿಸ್ಬೇಕು ಅಂತ ಬೋರ್ಡಲ್ಲಿ ತೀರ್ಮಾನ ಆಗಿದೆ. ನಮ್ಮಲ್ಲಿ ಒಬ್ರು ಮಹಿಳಾ ಸಹೋದ್ಯೋಗಿ ಇದಾರೆ, ಫೀಲ್ಡ್ ಕೋಆರ್ಡಿನೇಟರ್ ಆಗಿ ಸೇರಿದವರು, ಈಗ ಮೂರು ತಾಲೂಕು ನೋಡ್ಕೋತಾರೆ, ಬಿ.ಎಡ್ ಆಗಿದೆ, ಕೋಡಿಂಗ್ ಗೊತ್ತಿಲ್ಲ, ಇಂಗ್ಲಿಷಲ್ಲಿ ಪ್ರೆಸೆಂಟೇಶನ್ ಅಂದ್ರೆ ಹಿಂಜರೀತಾರೆ, ಆದ್ರೆ ಆಪ್ ಕೈಕೊಟ್ರೆ ಟೀಚರ್‌ಗಳು ನಮ್ಮ ಹೆಲ್ಪ್‌ಲೈನ್ ಬಿಟ್ಟು ಇವರಿಗೇ ಫೋನ್ ಮಾಡ್ತಾರೆ. ಇವರನ್ನೇ ಮೇಲೆ ತರೋಣ ಅಂತ ನನ್ನ ಮನಸು. ಟ್ರಸ್ಟಿಗಳು ಮಾತ್ರ ಬೆಂಗಳೂರಿನ ಸ್ಟಾರ್ಟಪ್‌ನಲ್ಲಿ ಪ್ರಾಡಕ್ಟ್ ಮ್ಯಾನೇಜರ್ ಆಗಿದ್ದ ಒಬ್ರನ್ನ ತೋರಿಸ್ತಿದಾರೆ, ಸಂಬಳ ಕಮ್ಮಿ ಆದ್ರೂ ಬರ್ತೀನಿ ಅಂದಿದಾರಂತೆ. ಇನ್ನೊಂದ್ಕಡೆ ಶುರುವಿಂದ ಆಪ್ ಕಟ್ಟಿದ ನಮ್ಮ ಸೀನಿಯರ್ ಡೆವಲಪರ್, ಅದು ತನಗೇ ಬರುತ್ತೆ ಅಂತ ಕೂತಿದಾನೆ. ಯಾರಿಗೆ ಕೊಡೋದು, ಕೊಟ್ರೆ ಹೆಂಗೆ ಕೊಡೋದು, ಸ್ವಲ್ಪ ಬಿಡಿಸಿ ಹೇಳ್ರಿ.
*ಒಬ್ಬ ನಿರ್ದೇಶಕರು, ಧಾರವಾಡ ಜಿಲ್ಲೆ*

ಉತ್ತರ: ನಿಮ್ಮ ಫೀಲ್ಡ್ ಸಹೋದ್ಯೋಗಿಗೇ ಕೊಡಿ ಸರ್. ಆದ್ರೆ ಬರೀ ವಿಸಿಟಿಂಗ್ ಕಾರ್ಡ್ ಬದಲಾಯಿಸೋ ಪ್ರಮೋಶನ್ ಆದ್ರೆ ಬೇಡ, ಅವರು ಈಗಿರೋ ಕಡೆನೇ ಚೆನ್ನಾಗಿದಾರೆ, ಅಲ್ಲೇ ಬಿಡಿ.

ಯಾಕೆ ಅವರು ಅಂತ ಹೇಳ್ತೀನಿ. ಕಂಪನಿಯಲ್ಲಿ ದುಡ್ಡು ಕೊಡೋನೂ ಬಳಸೋನೂ ಬಹಳ ಸಲ ಒಬ್ಬನೇ ಆಗಿರ್ತಾನೆ, ಆಪ್ ಚೆನ್ನಾಗಿಲ್ದಿದ್ರೆ ಡಿಲೀಟ್ ಮಾಡಿ ಹೋಗ್ತಾನೆ, ಮುಂದಿನ ತಿಂಗಳು ಲೆಕ್ಕದಲ್ಲಿ ಅದು ಕಾಣುತ್ತೆ, ಕಂಪನಿಗೆ ಎಚ್ಚರ ಆಗುತ್ತೆ. ನಮ್ಮ ಕಡೆ ದುಡ್ಡು ಕೊಡೋದು ಯಾವುದೋ ಫೌಂಡೇಶನ್ನು ಇಲ್ಲಾ ಸಿಎಸ್‌ಆರ್‌ನವರು (ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ತೆಗೆದಿಡೋ ದುಡ್ಡು ನೋಡ್ಕೊಳ್ಳೋರು), ಬಳಸೋದು ಟೀಚರ್, ಆಶಾ, ಅಂಗನವಾಡಿ ಕಾರ್ಯಕರ್ತೆ, ಮತ್ತೆ ಅವರಿಗೆ ಬಿಟ್ಟು ಹೋಗೋ ಸ್ವಾತಂತ್ರ್ಯವೂ ಇಲ್ಲ, ಬಿಇಒ ಆಫೀಸಿಂದ ಬಳಸಿ ಅಂತ ಒಂದು ಸುತ್ತೋಲೆ ಬಂದಿರುತ್ತೆ, ಬಳಸ್ತಾರೆ, ಬೈಕೊಂಡು ಬಳಸ್ತಾರೆ, ಸುಳ್ಳು ತುಂಬಿಯಾದ್ರೂ ಬಳಸ್ತಾರೆ. ನಿಮ್ಮ ಡ್ಯಾಶ್‌ಬೋರ್ಡಲ್ಲಿ ಎಲ್ಲಾ ಹಸಿರು. ಹಾಗಾಗಿ ನಾನ್-ಪ್ರಾಫಿಟ್‌ನಲ್ಲಿ ಪ್ರಾಡಕ್ಟ್ ನೋಡ್ಕೊಳ್ಳೋರ ಮೊದಲ ಕೆಲಸ ಅಂದ್ರೆ, ಬಳಸೋರ ದೂರು ದುಡ್ಡು ಕೊಡೋರು ಕೂತಿರೋ ಮೀಟಿಂಗಿಗೆ ತಲುಪೋ ಹಾಗೆ ಮಾಡೋದು. ಆ ದೂರು ಈಗ ಯಾರ ಫೋನಿಗೆ ಬರ್ತಿದೆ ಅಂತ ನೀವೇ ಬರೆದಿದೀರಿ.

ದಾನಿಗಳಿಗೆ ಇಷ್ಟ ಆಗಿ ಜನಕ್ಕೆ ಇಷ್ಟ ಆಗದ ವಸ್ತುಗಳ ಕಥೆ ಹೇಳ್ಬೇಕಂದ್ರೆ ಪ್ಲೇಪಂಪ್‌ಗಿಂತ ಒಳ್ಳೇದು ಸಿಗಲ್ಲ. ದಕ್ಷಿಣ ಆಫ್ರಿಕಾದಲ್ಲಿ ಶುರುವಾಗಿದ್ದು, ಮಕ್ಕಳು ಗಿರಗಿಟ್ಲೆ ಥರ ಸುತ್ತೋ ಆಟದ ಚಕ್ರಕ್ಕೆ ನೀರಿನ ಪಂಪ್ ಜೋಡಿಸಿದ್ರು, ಮಕ್ಕಳು ಆಡ್ತಾ ಇದ್ರೆ ನೀರು ಮೇಲಿನ ಟ್ಯಾಂಕಿಗೆ ಏರುತ್ತೆ ಅಂತ. ಫೋಟೋ ನೋಡಿದ್ರೆ ಯಾರಿಗಾದ್ರೂ ದುಡ್ಡು ಕೊಡ್ಬೇಕು ಅನ್ಸುತ್ತೆ, ಕೊಟ್ರೂ ಸಹ, 2006ರಲ್ಲಿ ಅಮೆರಿಕ ಸರ್ಕಾರ ಮತ್ತೆ ಖಾಸಗಿ ಫೌಂಡೇಶನ್‌ಗಳು ಸೇರಿ 1 ಕೋಟಿ 64 ಲಕ್ಷ ಡಾಲರ್ ಘೋಷಿಸಿದ್ರು. ಮಕ್ಕಳು ಒಂದಷ್ಟು ಹೊತ್ತು ಆಡಿ ಹೋಗ್ತಾರೆ, ನೀರು ಮಾತ್ರ ದಿನಾ ಬೇಕು, ಕೊನೆಗೆ ಹೆಂಗಸರು, ವಯಸ್ಸಾದವರು ಬಗ್ಗಿ ಆ ಚಕ್ರ ತಳ್ತಾ ನಿಂತ್ರು. ಮಾಮೂಲಿ ಹ್ಯಾಂಡ್‌ಪಂಪಿಗಿಂತ ಹಲವು ಪಟ್ಟು ದುಬಾರಿ, ಕೆಟ್ರೆ ರಿಪೇರಿನೂ ಕಷ್ಟ. 2010ರ ಹೊತ್ತಿಗೆ ಆ ದೊಡ್ಡ ಯೋಜನೆ ನಿಂತೇ ಹೋಯ್ತು. ನೀರು ಹೊರೋ ಹೆಂಗಸರ ಜೊತೆ ಒಂದು ವಾರ ಇದ್ದವರು ಯಾರಾದ್ರೂ ಆ ಸಂಸ್ಥೆಯಲ್ಲಿ ಬೇಡ ಅನ್ನೋ ಅಧಿಕಾರ ಇಟ್ಕೊಂಡು ಕೂತಿದ್ರೆ ಇಷ್ಟು ದೂರ ಹೋಗ್ತಿರ್ಲಿಲ್ಲ ಅಂತ ನನ್ನ ನಂಬಿಕೆ.

ಅಷ್ಟು ದೂರ ಬೇಡ, ನಮ್ಮ ಪಕ್ಕದ ಮಹಾರಾಷ್ಟ್ರದಲ್ಲೇ 2021ರಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರ ಕೊಟ್ಟ ಫೋನ್‌ಗಳನ್ನ ರಾಶಿ ಹಾಕಿ ವಾಪಸ್ ಕೊಟ್ಟು ಬಂದ್ರು. ಫೋನಿನ ಮೆಮೊರಿ ಸಾಲ್ತಿರ್ಲಿಲ್ಲ, ಹ್ಯಾಂಗ್ ಆಗ್ತಿತ್ತು, ಬಿಸಿ ಆಗ್ತಿತ್ತು, ಮೇಲಿಂದ ಪೋಷಣ್ ಟ್ರ್ಯಾಕರ್ ಆಪ್‌ನಲ್ಲಿ ಹೆಸರು ವಿವರ ಎಲ್ಲಾ ಇಂಗ್ಲಿಷಲ್ಲೇ ತುಂಬ್ಬೇಕು ಅನ್ನೋದು ಅವರ ಸಿಟ್ಟು. ಅದು ಸರ್ಕಾರದ್ದು, ನಿಮ್ಮದು ಟ್ರಸ್ಟು, ಆದ್ರೂ ಆ ಕಡೆ ಕೂತು ಬಳಸೋರ ಪಾಡು ಒಂದೇ ತಾನೆ.

ಸುತ್ತಲಿನ ಶಾಲೆಗಳ ಟೀಚರ್‌ಗಳು ಸೇರೋ ಒಂದು ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ನಾನೇ ಹಿಂದಿನ ಬೆಂಚಲ್ಲಿ ಕೂತು ನೋಡಿದ್ದು ಹೇಳ್ತೀನಿ, ಬೇರೆ ಒಂದು ಸಂಸ್ಥೆಯ ಆಪ್, ಹೆಸರು ಬೇಡ. ಒಬ್ರು ಮೇಷ್ಟ್ರು ಪಕ್ಕದವರಿಗೆ ಫೋನ್ ತೋರಿಸಿ "ಇದು ತಿರಗಾಕ ಹತ್ತೈತಿ ನೋಡ್ರಿ, ಮುಂದ ಹೋಗವಲ್ದು" ಅಂತಿದ್ರು. ನೋಡಿದ್ರೆ ಅವರು ಮಕ್ಕಳ ಅಂಕ ಎಲ್ಲಾ ಮೊದಲು ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಪೆನ್ನಲ್ಲಿ ಬರ್ಕೊಂಡಿದಾರೆ, ಸಾಯಂಕಾಲ ಬಸ್‌ಸ್ಟ್ಯಾಂಡ್ ಹತ್ರ ನೆಟ್‌ವರ್ಕ್ ಸಿಕ್ಕಾಗ ಕೂತು ತುಂಬ್ತಾರಂತೆ. ತುಂಬಿದ್ಮೇಲೆ ಸಬ್ಮಿಟ್ ಬಟನ್ನೇ ಕಾಣಲ್ಲ, ಯಾಕಂದ್ರೆ ಅವರದು ಸಣ್ಣ ಫೋನು, ಕಣ್ಣಿಗೆ ಕಷ್ಟ ಅಂತ ಅಕ್ಷರ ದೊಡ್ಡದು ಮಾಡಿಟ್ಕೊಂಡಿದಾರೆ, ಕೀಬೋರ್ಡ್ ಮೇಲೆ ಬಂದ ತಕ್ಷಣ ಬಟನ್ ಅದರ ಕೆಳಗೆ ಹೋಗ್ಬಿಡುತ್ತೆ. ಬ್ಯಾಕ್ ಒತ್ತಿದ್ರೆ ಕೀಬೋರ್ಡ್ ಹೋಗುತ್ತೆ, ಎರಡು ಸಲ ಒತ್ತಿದ್ರೆ ತುಂಬಿದ್ದೆಲ್ಲಾ ಹೋಗುತ್ತೆ. ಅರ್ಧ ಕ್ಲಸ್ಟರಿಗೆ ಇದು ಗೊತ್ತಿತ್ತು, ಒಬ್ಬರಿಗೊಬ್ಬರು "ಒಂದs ಸಲ ಒತ್ರಿ, ಸಾವಕಾಶ" ಅಂತ ಹೇಳ್ಕೊಡ್ತಿದ್ರು. ಆಪ್ ಮಾಡಿದವರ ಆಫೀಸಲ್ಲಿ ಒಬ್ಬರಿಗೂ ಗೊತ್ತಿರ್ಲಿಲ್ಲ, ಅಲ್ಲಿ ಎಲ್ಲರ ಹತ್ರ ದೊಡ್ಡ ಫೋನು. ನಿಮ್ಮ ಸಹೋದ್ಯೋಗಿಯನ್ನ ಕೇಳಿ ನೋಡಿ, ಇಂಥವು ಹತ್ತು ಹೇಳ್ತಾರೆ. ಹೇಳಲಿಲ್ಲ ಅಂದ್ರೆ ನನ್ನ ಉತ್ತರ ವಾಪಸ್ ತಗೋತೀನಿ.

ಇನ್ನು ಸ್ಟಾರ್ಟಪ್‌ನವರ ವಿಷಯ. ಅವರನ್ನ ತೀರಾ ಕಡೆಗಣಿಸ್ಬೇಡಿ, ಎರಡು ಥರ ಮಾಡಿ ಯಾವುದು ನಡೆಯುತ್ತೆ ಅಂತ ಪರೀಕ್ಷೆ ಮಾಡೋದು, ಮಾಡಿದ್ದನ್ನ ಅಳೆಯೋದು, ಬೇಡದ್ದನ್ನ ನಿರ್ದಾಕ್ಷಿಣ್ಯವಾಗಿ ಕಿತ್ತು ಬಿಸಾಕೋದು, ಈ ಅಭ್ಯಾಸಗಳು ನಮ್ಮ ವಲಯದಲ್ಲಿ ಕಮ್ಮಿ, ಅವರಿಂದ ಕಲೀಬೇಕು. ತೊಂದರೆ ಎಲ್ಲಿ ಅಂದ್ರೆ, ಅವರು ಬೆಳೆದಿರೋ ಜಾಗದಲ್ಲಿ ಜನ ಆಪ್‌ನಲ್ಲಿ ಎಷ್ಟು ಹೊತ್ತು ಇದ್ರೆ ಅಷ್ಟು ಒಳ್ಳೇದು. ನಿಮ್ಮ ಆಪ್‌ನಲ್ಲಿ ಟೀಚರ್ ಇಪ್ಪತ್ತು ನಿಮಿಷ ಇದಾರೆ ಅಂದ್ರೆ ಅಷ್ಟು ಹೊತ್ತು ಮಕ್ಕಳು ಗಲಾಟೆ ಮಾಡ್ಕೊಂಡು ಕೂತಿದಾರೆ ಅಂತ ಅರ್ಥ, ನಾಲ್ಕು ನಿಮಿಷಕ್ಕೆ ಮುಗಿಸಿ ಫೋನ್ ಬ್ಯಾಗಿಗೆ ಹಾಕಿದ್ರೆ ನೀವು ಗೆದ್ದಂಗೆ. ಇದನ್ನ ಹೇಳಿದ್ರೆ ಅವರಿಗೆ ತಲೆಗೆ ಹೋಗುತ್ತೆ, ಮೈಗೆ ಹತ್ತೋಕೆ ಒಂದೆರಡು ವರ್ಷ ಬೇಕು. ಅಷ್ಟರಲ್ಲಿ ನಿಮ್ಮ ಗ್ರಾಂಟು ಮುಗಿದಿರುತ್ತೆ. ಅವರು ಒಪ್ಪೋದಾದ್ರೆ ವಾರಕ್ಕೆ ಒಂದು ದಿನ ಸಲಹೆಗಾರರಾಗಿ ಬರ್ಲಿ, ನಿಮ್ಮ ಹೊಸ ಹೆಡ್‌ಗೆ ಕೆಲಸದ ಪಟ್ಟಿ ಬರೆಯೋದು, ಯಾವುದು ಮೊದಲು ಯಾವುದು ಆಮೇಲೆ ಅಂತ ಜೋಡಿಸೋದು ಕಲಿಸ್ಲಿ. ಟ್ರಸ್ಟಿಗಳಿಗೂ ಸಮಾಧಾನ.

ಕೋಡಿಂಗ್ ಬರಲ್ಲ ಅನ್ನೋದು ದೊಡ್ಡ ವಿಷಯ ಅಲ್ಲ. ಆದ್ರೆ ಡೆವಲಪರ್ "ಇದಕ್ಕೆ ಎರಡು ತಿಂಗಳು ಬೇಕು" ಅಂದಾಗ ಯಾಕೆ ಅಂತ ಮರ್ಯಾದೆಯಿಂದ ಆದ್ರೆ ಬಿಡದೆ ಕೇಳೋಕೆ ಬರ್ಬೇಕು. ಅದಕ್ಕೆ ಅವರು ದಿನಾ ಅರ್ಧ ಗಂಟೆ ಟೆಕ್ ಟೀಮ್ ಪಕ್ಕ ಕೂರ್ಲಿ, ಡೇಟಾ ಎಲ್ಲಿ ಉಳಿಯುತ್ತೆ, ನೆಟ್ ಇಲ್ದಾಗ ಏನಾಗುತ್ತೆ, ಹಳೇ ಆಂಡ್ರಾಯ್ಡ್‌ನಲ್ಲಿ ಯಾವುದು ಓಡಲ್ಲ, ಇಷ್ಟು ತಿಳ್ಕೊಂಡ್ರೆ ಸಾಕು. ಮಕ್ಕಳ ಮಾಹಿತಿ ಬೇರೆ ನಿಮ್ಮ ಕೈಯಲ್ಲಿದೆ, 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಪ್ರಕಾರ 18 ತುಂಬದವರೆಲ್ಲಾ ಮಕ್ಕಳೇ, ಅಪ್ಪ-ಅಮ್ಮನ ಒಪ್ಪಿಗೆ ವಿಷಯ ಬರುತ್ತೆ, ಅದನ್ನ ಒಬ್ಬ ವಕೀಲರ ಹತ್ರ ಕೂತು ಅರ್ಥ ಮಾಡ್ಕೊಳ್ಳೋದೂ ಇನ್ನು ಅವರ ಜವಾಬ್ದಾರಿ. ಇಂಗ್ಲಿಷಿಗೆ ಹೆದರ್ತಾರೆ ಅಂತ ಬರೆದಿದೀರಿ. ಫಂಡರ್ ಮೀಟಿಂಗಲ್ಲಿ ಅವರು ಕನ್ನಡದಲ್ಲೇ ಮಾತಾಡ್ಲಿ, ನೀವು ಪಕ್ಕದಲ್ಲಿ ಕೂತು ಇಂಗ್ಲಿಷಿಗೆ ಹೇಳಿ, ಆಕಾಶ ಏನೂ ಬೀಳಲ್ಲ.

ಈಗ ಹೆಂಗೆ ಕೊಡೋದು ಅನ್ನೋದಕ್ಕೆ ಬರೋಣ, ನಿಜವಾದ ತೊಡಕು ಇಲ್ಲೇ ಇರೋದು. ಸರ್ಕಾರಿ ಆಫೀಸಲ್ಲಿ "ಪ್ರಭಾರ" ಅಂತ ಕೂರಿಸ್ತಾರಲ್ಲ, ಹಂಗೆ ಆರು ತಿಂಗಳು ನೋಡೋಣ ಅಂತ ಕೂರಿಸ್ಬೇಡಿ. ಪ್ರಭಾರದಲ್ಲಿರೋರ ಮಾತು ಯಾರೂ ಕೇಳಲ್ಲ, ಅದರಲ್ಲೂ ಮೊನ್ನೆವರೆಗೆ ಫೀಲ್ಡಲ್ಲಿದ್ದ ಹೆಣ್ಮಗಳು ಪ್ರಭಾರ ಅಂದ್ರೆ ಟೆಕ್ ಟೀಮಿನವರು ಆರು ತಿಂಗಳು ಹೆಂಗೋ ತಳ್ಳಿದ್ರಾಯ್ತು ಅಂತ ಕಾಯ್ತಾರೆ. ಕೊಟ್ರೆ ಪೂರ್ತಿ ಕೊಡಿ, ಆದೇಶದಲ್ಲಿ ಬರೀರಿ, ಸಂಬಳ ಅದೇ ತಿಂಗಳಿಂದ ಏರಿಸಿ. ಅದಕ್ಕೂ ಮುಂಚೆ ಅವರ ಮೂರು ತಾಲೂಕು ಯಾರಿಗೆ ಅಂತ ತೀರ್ಮಾನ ಮಾಡಿ. ನಮ್ಮ ಸಂಸ್ಥೆಗಳಲ್ಲಿ ಪ್ರಮೋಶನ್ ಅಂದ್ರೆ ಹಳೇ ಕೆಲಸದ ಮೇಲೆ ಹೊಸ ಕೆಲಸ ಹೇರೋದು, ಅದು ಆಗ್ಬಾರ್ದು. ಬೆಳಗ್ಗೆ ಕಲಘಟಗಿಯಲ್ಲಿ ತರಬೇತಿ ಮುಗಿಸಿ ಬಂದು ರಾತ್ರಿ ಪ್ರಾಡಕ್ಟ್ ಪ್ಲಾನ್ ಬರೆಯೋಕೆ ಆಗಲ್ಲ.

ಮತ್ತೆ ನಿಮಗೇ ಒಂದು ಮಾತು, ಬೇಜಾರಾಗ್ಬೇಡಿ. ಸಂಸ್ಥೆ ಕಟ್ಟಿದವರಿಗೆ ರಾತ್ರಿ ಹತ್ತು ಗಂಟೆಗೆ ಒಂದು ಐಡಿಯಾ ಬರುತ್ತೆ, ಸೀದಾ ಡೆವಲಪರ್‌ಗೆ ವಾಟ್ಸಾಪ್ ಹಾಕ್ತಾರೆ, "ಒಂದು ಸಣ್ಣ ಚೇಂಜ್ ಇತ್ತು" ಅಂತ. ಆ ಮೆಸೇಜು ಇನ್ಮೇಲೆ ಹೋಗ್ಬಾರ್ದು. ಹೋದ್ರೂ ಡೆವಲಪರ್ "ಮೇಡಂನ ಕೇಳಿ ಸರ್" ಅನ್ಬೇಕು, ಅವನು ಹಂಗಂದಾಗ ನೀವು ಸಿಟ್ಟಾಗ್ಬಾರ್ದು. ಫಂಡರ್ ಬಂದು ಎಐ ಚಾಟ್‌ಬಾಟ್ ಒಂದು ಹಾಕ್ರಿ, ದುಡ್ಡು ಕೊಡ್ತೀವಿ ಅಂದಾಗ ಆಕೆ "ಈ ವರ್ಷ ಬೇಡ, ಮೊದಲು ನೆಟ್ ಇಲ್ದೇ ಓಡೋ ಹಾಗೆ ಮಾಡ್ಬೇಕು" ಅಂದ್ರೆ ನೀವು ಅವರ ಬೆನ್ನಿಗೆ ನಿಲ್ತೀರಾ? ನಿಲ್ತೀನಿ ಅಂತ ಈಗಲೇ ಹೇಳೋಕೆ ಆಗಲ್ಲ ಅಂದ್ರೆ ಸ್ಟಾರ್ಟಪ್‌ನವರನ್ನೇ ತಗೊಳ್ಳಿ, ಅವರಿಗೆ ಬೇರೆ ಕಡೆ ಕೆಲಸ ಸಿಗುತ್ತೆ, ಇವರಿಗೆ ಅಷ್ಟು ಸುಲಭಕ್ಕೆ ಸಿಗಲ್ಲ.

ಡೆವಲಪರ್‌ಗೆ ಎಲ್ಲರಿಗಿಂತ ಮೊದಲು ನೀವೇ ಕರೆದು ಹೇಳಿ. ಮೇಲ್‌ನಲ್ಲಿ ಬೇಡ, ಗ್ರೂಪಲ್ಲಂತೂ ಬೇಡ, ಆಕೆ ಕೈಲೂ ಹೇಳಿಸ್ಬೇಡಿ. ಟೆಕ್ ಲೀಡ್ ಅಂತ ಅವನಿಗೆ ಒಂದು ಸ್ಥಾನ ಮಾಡಿ, ಹೇಗೆ ಕಟ್ಟೋದು ಅನ್ನೋದು ಪೂರ್ತಿ ಅವನದು, ಏನು ಕಟ್ಟೋದು ಅನ್ನೋದು ಆಕೆಯದು. ಅವನ ಸಂಬಳ ಆಕೆಗಿಂತ ಜಾಸ್ತಿ ಇದ್ರೂ ಇರ್ಲಿ, ಮಾರ್ಕೆಟ್ ಹಾಗಿದೆ. ಇಷ್ಟಾದ್ರೂ ಮುನಿಸ್ಕೊಂಡು ಹೋದ್ರೆ ಹೋಗ್ಲಿ, ಹೋಗೋ ಮುಂಚೆ ಪಾಸ್‌ವರ್ಡು, ಸರ್ವರ್, ಪ್ಲೇಸ್ಟೋರ್ ಅಕೌಂಟ್ ಎಲ್ಲಾ ಸಂಸ್ಥೆಯ ಹೆಸರಲ್ಲಿದೆಯಾ ನೋಡ್ಕೊಳ್ಳಿ. ತಮಾಷೆಗೆ ಹೇಳ್ತಿಲ್ಲ, ಡೆವಲಪರ್‌ನ ಪರ್ಸನಲ್ ಜಿಮೇಲ್‌ನಲ್ಲಿ ಸಂಸ್ಥೆಯ ಆಪ್ ಇರೋದನ್ನ ಬೇಕಾದಷ್ಟು ನೋಡಿದೀನಿ.

ಪ್ರಶ್ನೆ: ಅಕ್ಕಾ, ನಾನು ಶಿವಮೊಗ್ಗದವಳು. ಕನ್ನಡ ಪುಸ್ತಕ, ಹಳೇ ದಾಖಲೆಗಳನ್ನ ಸ್ವಯಂಸೇವಕರ ಕೈಲಿ ಟೈಪ್ ಮಾಡಿಸಿ ಎಲ್ಲರಿಗೂ ಬಿಟ್ಟಿ ಸಿಗೋ ಹಾಗೆ ಮಾಡೋ ಒಂದು ಸಂಸ್ಥೆಯಲ್ಲಿದೀನಿ, ಈಚೆಗೆ ನನ್ನನ್ನೇ ಪ್ರಾಡಕ್ಟ್ ನೋಡ್ಕೊಳ್ಳೋಕೆ ಹಾಕಿದಾರೆ. ಟೈಪ್ ಮಾಡೋಕೆ ಒಂದು ಹೊಸ ಪೇಜ್ ಮಾಡಿಸ್ದೆ, ಹೊಸಬರಿಗೆ ತುಂಬಾ ಸುಲಭ. ಹಳೇ ಸ್ವಯಂಸೇವಕರು ಮಾತ್ರ ಗ್ರೂಪಲ್ಲಿ ದಿನಾ ಬೈತಿದಾರೆ, ನಿನ್ನೆವರೆಗೆ ನಮ್ ಜೊತೆ ಪ್ರೂಫ್ ನೋಡ್ತಿದ್ದೆ, ಈಗ ನಮಗೇ ಹೇಳೋಕೆ ಬರ್ತೀಯಾ ಅಂತ. ಹಳೇ ಪೇಜ್ ಮುಚ್ಚಿಬಿಟ್ರೆ ಎಲ್ಲಾ ಸರಿಹೋಗುತ್ತೆ ಅಂತ ನಮ್ ಸರ್ ಹೇಳ್ತಾರೆ. ಮುಚ್ಚಲಾ?

ಉತ್ತರ: ಮುಚ್ಚಬೇಡಮ್ಮಾ, ದಯವಿಟ್ಟು.

ಇದೇ ಕಥೆ ಪ್ರಪಂಚದ ಅತಿ ದೊಡ್ಡ ಸ್ವಯಂಸೇವಕರ ಕೆಲಸದಲ್ಲೇ ಆಗಿದೆ. ವಿಕಿಪೀಡಿಯ ನಡೆಸೋದು ವಿಕಿಮೀಡಿಯ ಫೌಂಡೇಶನ್ ಅನ್ನೋ ನಾನ್-ಪ್ರಾಫಿಟ್, ಸ್ಯಾನ್ ಫ್ರಾನ್ಸಿಸ್ಕೋದಲ್ಲಿದೆ, ಸಾಫ್ಟ್‌ವೇರ್ ಮಾಡೋರಿಗೆ ಅಲ್ಲಿ ಸಂಬಳ ಇದೆ, ಲೇಖನ ಬರೆಯೋರಿಗೆ ಇಲ್ಲ. 2013ರ ಜುಲೈನಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕೆ ವಿಷುವಲ್ ಎಡಿಟರ್ ಅಂತ ತಂದ್ರು, ಅದುವರೆಗೆ ಚೌಕಾಕಾರದ ಬ್ರಾಕೆಟ್ಟು, ಪೈಪು ಅನ್ನೋ ನಿಂತ ಗೆರೆ ಅಂತೆಲ್ಲಾ ಹಾಕಿ ಬರೀಬೇಕಿತ್ತು, ಇದರಲ್ಲಿ ವರ್ಡ್ ಫೈಲ್ ಥರ ಸೀದಾ ಬರೀಬೋದು. ಯೋಚನೆ ಒಳ್ಳೇದೇ. ಆದ್ರೆ ಇನ್ನೂ ತಪ್ಪುಗಳು ಇದ್ದಾಗಲೇ ಎಲ್ಲರಿಗೂ ಆನ್ ಮಾಡ್ಬಿಟ್ರು, ನಿಧಾನ ಇತ್ತು, ಕೆಲವು ಸಲ ಪುಟದಲ್ಲಿ ಕಸ ಸೇರಿಸ್ತಿತ್ತು, ಆ ಕಸ ಗುಡಿಸೋ ಕೆಲಸ ಬಿಟ್ಟಿ ದುಡಿಯೋ ಹಳಬರ ತಲೆಗೆ ಬಂತು. ಸೆಪ್ಟೆಂಬರ್ ಹೊತ್ತಿಗೆ ಸಂಪಾದಕರು ಸೇರ್ಕೊಂಡು ಅದನ್ನ ಬೇಕಾದವರು ಮಾತ್ರ ಆನ್ ಮಾಡ್ಕೊಳ್ಳೋ ಹಾಗೆ ವಾಪಸ್ ಮಾಡಿಸಿದ್ರು.

ಮಾರನೇ ವರ್ಷ ಇನ್ನೂ ಜೋರಾಯ್ತು. ಚಿತ್ರ ತೋರಿಸೋ ಮೀಡಿಯಾ ವ್ಯೂವರ್ ಅನ್ನೋ ಹೊಸ ಸೌಲಭ್ಯ ಎಲ್ಲರಿಗೂ ಆನ್ ಆಗಿರೋದು ಬೇಡ ಅಂತ ಜರ್ಮನ್ ವಿಕಿಪೀಡಿಯದವರು ಮತ ಹಾಕಿದ್ರು, ಅಲ್ಲಿನ ಒಬ್ಬ ನಿರ್ವಾಹಕರು ಅದನ್ನ ಆಫ್ ಮಾಡೋಕೆ ಹೋದ್ರು, ಫೌಂಡೇಶನ್‌ನವರು 2014ರ ಆಗಸ್ಟ್‌ನಲ್ಲಿ ಸೂಪರ್‌ಪ್ರೊಟೆಕ್ಟ್ ಅಂತ ಹೊಸ ಬೀಗವನ್ನೇ ಕಂಡುಹಿಡಿದು ಆ ಪುಟಕ್ಕೆ ಜಡಿದ್ರು, ನಿರ್ವಾಹಕರೂ ಮುಟ್ಟೋ ಹಾಗಿಲ್ಲ. ಎದ್ದ ಸಿಟ್ಟು ನೀನು ಊಹಿಸ್ಬೋದು. ಆ ಬೀಗ 2015ರ ನವೆಂಬರ್‌ನಲ್ಲಿ ತೆಗೆದ್ರು, ಮಧ್ಯೆ ಹೋದ ವಿಶ್ವಾಸ ಅಷ್ಟು ಬೇಗ ವಾಪಸ್ ಬರ್ಲಿಲ್ಲ. ನಿಮ್ ಸರ್ ಹೇಳ್ತಿರೋದು ಈ ಬೀಗದ ದಾರಿನೇ.

ವಿಷುವಲ್ ಎಡಿಟರ್ ಸತ್ತುಹೋಗ್ಲಿಲ್ಲ, ಅದು ಗಮನಿಸೋ ವಿಷಯ. ತಪ್ಪು ತಿದ್ದುತಾ ತಿದ್ದುತಾ ಸುಧಾರಿಸ್ತು, ಈಗ ಕನ್ನಡ ವಿಕಿಪೀಡಿಯದಲ್ಲೂ ಹೊಸಬರು ಅದರಲ್ಲೇ ಬರೀಬೋದು, ಹಳಬರಿಗೆ ಹಳೇದೂ ಇದೆ, ಎರಡೂ ಬಟನ್ ಅಕ್ಕಪಕ್ಕ. ನೀನೂ ಹಂಗೇ ಮಾಡು, ಹೊಸ ಅಕೌಂಟಿಗೆ ಹೊಸ ಪೇಜು, ಹಳಬರಿಗೆ ಅವರ ಪೇಜು ಇದ್ದಲ್ಲೇ ಇರ್ಲಿ. ಗ್ರೂಪಲ್ಲಿ ಉತ್ತರ ಕೊಡೋಕೆ ಹೋಗ್ಬೇಡ, ಅಲ್ಲಿ ಯಾರಿಗೂ ಸೋಲೋಕೆ ಇಷ್ಟ ಇರಲ್ಲ. ಜಾಸ್ತಿ ಬೈಯೋ ಇಬ್ರಿಗೆ ಫೋನ್ ಮಾಡಿ ಮನೆಗೆ ಹೋಗ್ತೀನಿ ಅನ್ನು, ಅವರು ಟೈಪ್ ಮಾಡೋದನ್ನ ಪಕ್ಕ ಕೂತು ನೋಡು, ಬಾಯಿ ಮುಚ್ಕೊಂಡು ನೋಡು, ಹಿಂಗ್ ಮಾಡಿ ಹಂಗ್ ಮಾಡಿ ಅನ್ಬೇಡ. ಒತ್ತಕ್ಷರ ತಿದ್ದೋಕೆ ಅವರಿಗೆ ಹಳೇ ಪೇಜಲ್ಲಿ ಒಂದು ಶಾರ್ಟ್‌ಕಟ್ ಇರುತ್ತೆ, ಹೊಸದರಲ್ಲಿ ನೀವು ಅದನ್ನ ಕಿತ್ತಿರ್ತೀರಿ, ಬಹಳ ಸಲ ಜಗಳ ಇಷ್ಟೇ ಇರುತ್ತೆ. ಮೊದಲು ಅದನ್ನ ಸರಿ ಮಾಡಿಸಿ, ಇವರು ಹೇಳಿದ್ದಕ್ಕೆ ಸರಿ ಮಾಡಿದ್ವಿ ಅಂತ ಅವರ ಹೆಸರು ಹಾಕಿ ಗ್ರೂಪಿಗೆ ಕಳಿಸು. ನಿನ್ನೆವರೆಗೆ ನಮ್ ಜೊತೆ ಇದ್ದೆ ಅಂತಿದಾರಲ್ಲ, ಆ ಮಾತಿಗೆ ನೊಂದ್ಕೋಬೇಡ, ಹೊರಗಿಂದ ಬಂದವರಿಗೆ ಆ ಸಲಿಗೆನೂ ಸಿಗ್ತಿರ್ಲಿಲ್ಲ.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ಉದ್ಯೋಗಿ, ಮೈಸೂರಿನ ಒಂದು ಆರೋಗ್ಯ ಟ್ರಸ್ಟಿನಲ್ಲಿ ಟ್ರಸ್ಟಿ. ನಮ್ಮಲ್ಲೂ ಒಬ್ಬರನ್ನು ಪ್ರಾಡಕ್ಟ್ ಮುಖ್ಯಸ್ಥರನ್ನಾಗಿ ಮಾಡಬೇಕೆಂಬ ಪ್ರಸ್ತಾಪ ಬಂದಿದೆ. ಎರಡು ಆಕ್ಷೇಪ ನನ್ನದು. ಒಂದು, ನಮ್ಮದು ಸೇವೆ, ನಮಗೆಂಥ ಪ್ರಾಡಕ್ಟ್? ಎರಡು, ಸಿಎಸ್‌ಆರ್ ಹಣದಲ್ಲಿ ಆಡಳಿತ ವೆಚ್ಚ ಶೇ. 5 ಮೀರುವಂತಿಲ್ಲ, ವಿದೇಶಿ ದೇಣಿಗೆಯಲ್ಲಿ ಶೇ. 20. ಈ ಸಂಬಳ ಎಲ್ಲಿಂದ ಕೊಡುವುದು?

ಉತ್ತರ: ಎರಡನೇದು ಮೊದಲು ತಗೋತೀನಿ ಸರ್, ಯಾಕಂದ್ರೆ ಅರ್ಧ ಕರ್ನಾಟಕದ ಟ್ರಸ್ಟಿಗಳು ಇದೇ ಲೆಕ್ಕ ಹೇಳಿ ಒಳ್ಳೇ ಜನರಿಗೆ ಸಂಬಳ ಏರಿಸದೆ ಕೂತಿದಾರೆ. ಆ ಶೇಕಡಾ 5 ಇದೆಯಲ್ಲ, 2021ರಲ್ಲಿ ತಿದ್ದುಪಡಿ ಆದ ಸಿಎಸ್‌ಆರ್ ನಿಯಮದ್ದು, ಅದು ದುಡ್ಡು ಕೊಡೋ ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸೋಕೆ ಮಾಡೋ ಸಾಮಾನ್ಯ ಆಡಳಿತ ಖರ್ಚಿಗೆ ಹಾಕಿದ ಮಿತಿ. ಒಂದು ನಿರ್ದಿಷ್ಟ ಯೋಜನೆಯ ವಿನ್ಯಾಸ, ಜಾರಿ, ಉಸ್ತುವಾರಿ, ಮೌಲ್ಯಮಾಪನಕ್ಕೆ ನೇರವಾಗಿ ಆಗೋ ಖರ್ಚು ಆ ಆಡಳಿತ ವೆಚ್ಚದಲ್ಲಿ ಬರಲ್ಲ ಅಂತ ನಿಯಮದ ವ್ಯಾಖ್ಯಾನದಲ್ಲೇ ಇದೆ. ವಿನ್ಯಾಸ ಅನ್ನೋದು ಅಲ್ಲೇ ಕೂತಿದೆ ನೋಡಿ, ನಿಮ್ಮ ಪ್ರಾಡಕ್ಟ್ ಮುಖ್ಯಸ್ಥರು ಮಾಡೋದು ಅದನ್ನೇ. ಕೆಲವು ಕಂಪನಿಗಳು ತಮ್ಮ ಕರಾರಿನಲ್ಲಿ ಸಂಸ್ಥೆಗೂ ಅಷ್ಟೇ ಅಂತ ಬರೆದಿರ್ತಾರೆ, ಅದು ಅವರ ಕರಾರು, ಕಾನೂನು ಅಂತ ತಿಳ್ಕೋಬೇಡಿ, ಮಾತಾಡಿ ಬದಲಾಯಿಸೋಕೆ ಬರುತ್ತೆ.

ವಿದೇಶಿ ದೇಣಿಗೆದು ಬೇರೆ, ಅಲ್ಲಿ ಮಿತಿ ನಿಮ್ಮ ಸಂಸ್ಥೆಗೇ ಇರೋದು, 2020ರ ತಿದ್ದುಪಡಿಯಲ್ಲಿ ಶೇಕಡಾ 50ರಿಂದ 20ಕ್ಕೆ ಇಳಿಸಿದ್ರು. ಆದ್ರೆ ಅಲ್ಲೂ ಸಂಸ್ಥೆಯ ಉದ್ದೇಶಕ್ಕೆ ನೇರವಾಗಿ ಆಗೋ ಖರ್ಚನ್ನ, ಉದಾಹರಣೆಗೆ ಆಸ್ಪತ್ರೆಯ ಡಾಕ್ಟರ್ ಸಂಬಳ, ಶಾಲೆಯ ಟೀಚರ್ ಸಂಬಳ, ಆಡಳಿತ ವೆಚ್ಚದಿಂದ ಹೊರಗೆ ಇಟ್ಟಿದಾರೆ. ಪ್ರಾಡಕ್ಟ್ ಮುಖ್ಯಸ್ಥರ ಸಂಬಳ ಎಷ್ಟು ಭಾಗ ಯಾವ ಕಡೆ ಬರುತ್ತೆ ಅನ್ನೋದು ಅವರು ನಿಜವಾಗಿ ಏನು ಕೆಲಸ ಮಾಡ್ತಾರೆ ಅನ್ನೋದರ ಮೇಲೆ ನಿಂತಿದೆ, ಹಾಗಾಗಿ ಯಾವ ಯೋಜನೆಗೆ ಎಷ್ಟು ದಿನ ಅಂತ ಟೈಮ್‌ಶೀಟ್ ಬರೆಸಿ, ನೇಮಕಾತಿ ಪತ್ರದಲ್ಲಿ ಕೆಲಸ ಸರಿಯಾಗಿ ವಿವರಿಸಿ, ನಿಮ್ಮ ಆಡಿಟರ್ ಹತ್ರ ವರ್ಷದ ಶುರುವಿನಲ್ಲೇ ಕೂತು ಮಾತಾಡಿ, ಮಾರ್ಚ್ ಕೊನೆಗೆ ಹೋಗ್ಬೇಡಿ. ಬ್ಯಾಂಕಲ್ಲಿದ್ದವರು ನೀವು, ಇದನ್ನ ನನಗಿಂತ ಚೆನ್ನಾಗಿ ಮಾಡ್ತೀರಿ.

ಇನ್ನು ಸೇವೆ ಮಾಡೋರಿಗೆ ಪ್ರಾಡಕ್ಟ್ ಯಾಕೆ ಅಂದ್ರಲ್ಲ, ಒಂದ್ಸಲ ಮಧುರೈ ಕಡೆ ನೋಡಿ. ಅರವಿಂದ ಕಣ್ಣಿನ ಆಸ್ಪತ್ರೆ 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ ಅವರು ನಿವೃತ್ತಿ ಆದ್ಮೇಲೆ 11 ಹಾಸಿಗೆಯಲ್ಲಿ ಶುರು ಮಾಡಿದ್ದು. ಪೊರೆ ತೆಗೆದ ಮೇಲೆ ಕಣ್ಣೊಳಗೆ ಲೆನ್ಸ್ ಹಾಕೋ ಪದ್ಧತಿ ಬಂದಾಗ ಆ ಲೆನ್ಸ್ ಹೊರದೇಶದಿಂದ ಬರ್ಬೇಕು, ಒಂದಕ್ಕೆ ನೂರು ಡಾಲರ್ ಆಸುಪಾಸು, ದುಡ್ಡಿದ್ದವರಿಗೆ ಲೆನ್ಸು, ಇಲ್ಲದವರಿಗೆ ನಮ್ಮ ಅಜ್ಜ ಅಜ್ಜಿ ಹಾಕ್ತಿದ್ರಲ್ಲ ಆ ಸೋಡಾಬುಡ್ಡಿ ಕನ್ನಡಕ. ಡಾಕ್ಟರ್‌ಗಳು ಚೆನ್ನಾಗಿ ಸೇವೆ ಮಾಡಿದ್ರಷ್ಟೇ ಇದು ಬಗೆಹರಿಯೋ ಹಾಗಿರ್ಲಿಲ್ಲ. 1992ರಲ್ಲಿ ಆರೋಲ್ಯಾಬ್ ಅಂತ ತಮ್ಮದೇ ಟ್ರಸ್ಟಿನ ಕಾರ್ಖಾನೆ ಮಾಡಿ ಲೆನ್ಸ್ ತಾವೇ ತಯಾರಿಸಿ ಹತ್ತು ಡಾಲರ್ ಆಸುಪಾಸಿಗೆ ಇಳಿಸಿದ್ರು, ಆಮೇಲೆ ಇನ್ನೂ ಇಳೀತು. ಈಗ ನೂರಕ್ಕೂ ಹೆಚ್ಚು ದೇಶಕ್ಕೆ ಹೋಗುತ್ತೆ. ಆಸ್ಪತ್ರೆ ಅದೇ, ಸೇವೆ ಅದೇ, ಆದ್ರೆ ಲೆನ್ಸ್ ಹೆಂಗಿರ್ಬೇಕು, ಎಷ್ಟಕ್ಕೆ ಸಿಗ್ಬೇಕು, ಗುಣಮಟ್ಟ ಎಲ್ಲಿ ಸಡಿಲ ಬಿಡ್ಬಾರ್ದು ಅಂತ ದಿನಾ ಅದನ್ನೇ ಯೋಚನೆ ಮಾಡೋ ಜನ ಒಳಗೇ ಇದ್ರು. ನಿಮ್ಮ ಟ್ರಸ್ಟಲ್ಲಿ ಅದು ತಾಯಿ ಕಾರ್ಡ್ ಇರ್ಬೋದು, ಸಕ್ಕರೆ ಕಾಯಿಲೆಯವರಿಗೆ ಕೊಡೋ ಪುಸ್ತಕ ಇರ್ಬೋದು, ಆಪ್ ಆಗಿರಲೇಬೇಕು ಅಂತೇನಿಲ್ಲ. ಜನರ ಕೈಗೆ ಹೋಗಿ ಅವರ ಮನೆಯಲ್ಲಿ ಉಳಿಯೋ ಯಾವ ವಸ್ತುವೂ ನಿಮ್ಮಲ್ಲಿ ಇಲ್ಲ ಅಂದ್ರೆ ಮಾತ್ರ ನಿಮ್ಮ ಆಕ್ಷೇಪ ಸರಿ, ಆ ಹುದ್ದೆ ಬೇಡ.

ಪ್ರಶ್ನೆ: ಮೇಡಂ, ನಾನು ಬೆಂಗಳೂರಲ್ಲಿ ಒಂದು ಎನ್‌ಜಿಒಗೆ ಕೋಡ್ ಬರೆಯೋನು. ಆಪ್ ಪೂರ್ತಿ ನನ್ನದು, ಮೊದಲ ಸಾಲಿಂದ. ಈಗ ಪ್ರಾಡಕ್ಟ್ ಹೆಡ್ ಅಂತ ಫೀಲ್ಡ್ ಟೀಮಿನವರನ್ನ ಹಾಕಿದಾರೆ, ನಾನು ಅವರಿಗೆ ರಿಪೋರ್ಟ್ ಮಾಡ್ಬೇಕಂತೆ. ಬಿಡೋದಾ ಇರೋದಾ?

ಉತ್ತರ: ಬೇಜಾರಾಗೋದು ಸಹಜ ಮಾರಾಯ, ಮತ್ತೆ ನಿಮಗೆ ಮುಂಚೆನೇ ಕೂರಿಸಿ ಹೇಳದೆ ಸುದ್ದಿ ತೇಲಿಬಿಟ್ಟಿದ್ರೆ ಅದು ಅವರ ತಪ್ಪೇ, ಹೋಗಿ ನೇರವಾಗಿ ಹೇಳಿ. ಆದ್ರೆ ಬಿಡೋ ಮುಂಚೆ ಒಂದು ಕೆಲಸ ಮಾಡಿ. ಆ ಹೊಸ ಹೆಡ್ ಜೊತೆ ಮೂರು ದಿನ ಹಳ್ಳಿಗೆ ಹೋಗಿ ಬನ್ನಿ, ಲ್ಯಾಪ್‌ಟಾಪ್ ಮನೇಲಿಟ್ಟು. ನೀವು ಬರೆದ ಆಪ್‌ನ ಬೇರೆಯವರು ಅವರ ಫೋನಲ್ಲಿ ಬಳಸೋದನ್ನ ನೋಡಿ. ವಾಪಸ್ ಬರೋವಾಗ ಬಸ್ಸಲ್ಲಿ ನಿಮ್ಮ ತಲೇಲಿ ಏನೇನು ಸರಿ ಮಾಡ್ಬೇಕು ಅಂತ ಪಟ್ಟಿ ಓಡ್ತಿದ್ರೆ ಇರಿ, ಟೆಕ್ ಲೀಡ್ ಅಂತ ಬರಹದಲ್ಲಿ ಕೇಳಿ, ಹೇಗೆ ಕಟ್ಟೋದು ಅನ್ನೋ ತೀರ್ಮಾನ ನನ್ನದು ಅಂತ ಸ್ಪಷ್ಟ ಮಾಡಿಸ್ಕೊಳ್ಳಿ, ಸಂಬಳದ ಮಾತೂ ಅದೇ ಮೀಟಿಂಗಲ್ಲಿ ಎತ್ತಿ, ಸಂಕೋಚ ಬೇಡ. ಪಟ್ಟಿ ಬರದೆ ಬರೀ ಸಿಟ್ಟೇ ಓಡ್ತಿದ್ರೆ ಬೇರೆ ಕೆಲಸ ನೋಡ್ಕೊಳ್ಳಿ, ನಿಮ್ಮ ಕೈಗೆ ಕೆಲಸ ಸಿಗುತ್ತೆ. ಹೋಗೋದಾದ್ರೆ ಎರಡು ತಿಂಗಳು ನೋಟಿಸ್ ಕೊಡಿ, ಸರ್ವರ್ ಪಾಸ್‌ವರ್ಡು ಒಂದು ಹಾಳೇಲಿ ಬರೆದು ನಿರ್ದೇಶಕರ ಕೈಗೆ ಕೊಟ್ಟು ಸಹಿ ಹಾಕಿಸ್ಕೊಂಡು ಹೋಗಿ.